ತಪ್ಪಿಸಿಕೊಂಡ ಕುರಿಗೆ ಒಂಬತ್ತು ಅಂಕ

ಮೂಡುಬಿದಿರೆಯ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಶನಿವಾರ ಮಧ್ಯಾಹ್ನವಾದರೆ ಹುಡುಗಿಯರೆಲ್ಲ ಮನೆಗೆ ಹೋಗಿಬಿಡುತ್ತಿದ್ದರು. ಪಕ್ಕದ ಶಿರ್ತಾಡಿಯವರು ಸಂಜೆಯ ಚಹಾಕ್ಕೆ ಮನೆಯಲ್ಲಿರುತ್ತಿದ್ದರು. ನನ್ನ ಮನೆ ಮುಂಡಾಜೆಯಲ್ಲಿ. ಬೆಳ್ತಂಗಡಿಯಲ್ಲಿ ಇಳಿಯುವಷ್ಟರಲ್ಲಿ ಮುಂದಿನ ಬಸ್ಸು ಹೋಗಿರುತ್ತಿದ್ದುದರಿಂದ ನಾನು ಉಳಿಯುತ್ತಿದ್ದೆ. ಬಂಟ್ವಾಳದ ಹತ್ತಿರ ನರಿಕೊಂಬಿನಿಂದ ಬಂದ ನನ್ನ ತರಗತಿಯವಳೊಬ್ಬಳೂ ಬಸ್ಸಿಲ್ಲದೆ ಉಳಿಯುತ್ತಿದ್ದಳು. ನಾವೆಲ್ಲ ಮಲಗುವ ಉದ್ದ ಕೋಣೆಯಲ್ಲಿ ಉಳಿದ ಹಾಸಿಗೆಗಳೆಲ್ಲ ಸುತ್ತಿಟ್ಟಿರುತ್ತಿದ್ದವು. ಬಿಡಿಸಿದ್ದು ನಮ್ಮಿಬ್ಬರದು ಮಾತ್ರ.

ನಮಗೆ ಬೇಸರವಾಗಬಾರದೆಂದು ವಯಸ್ಸಾದ ಸಿಸ್ಟರ್ ಒಬ್ಬರು ಸಂಜೆ ಚಿತ್ರ ತೋರಿಸುತ್ತಿದ್ದರು. ಪರದೇಶದಿಂದ ಬಂದ ಫಿಲ್ಮ್ ಸುರುಳಿಗಳು. ಮಕ್ಕಳಿಗಾಗಿ ಬರೆದ ಬಣ್ಣದ ಕಾರ್ಟೂನುಗಳು. ಅವು ಓಡಾಡುವುದಿಲ್ಲ, ಒಂದಾದ ಮೇಲೊಂದು ಗೋಡೆಯ ಮೇಲೆ ಬಂದು ನಿಲ್ಲುತ್ತವೆ. ಕಥೆ ಯಾವುದೇ ಇರಲಿ, ಒಂದು ಕತ್ತೆಮರಿ ಎಲ್ಲದರಲ್ಲೂ ಇರುತ್ತಿತ್ತು. ಸಿಸ್ಟರ್ ಪ್ರೊಜೆಕ್ಟರ್ ಯಂತ್ರದ ಹಿಂದೆ ನಿಂತು ಗುಂಡಿ ತಿರುಗಿಸುತ್ತ ಕನ್ನಡದಲ್ಲಿ ಕಥೆ ಹೇಳುತ್ತಿದ್ದರು.

ನೋಡಿದ ಪ್ರತಿ ಕಥೆಗೂ ನಾನು ದಿನಚರಿಯಲ್ಲಿ ಅಂಕ ಹಾಕುತ್ತಿದ್ದೆ. ಚಿತ್ರಕ್ಕೆ ಮೂರು, ಕಥೆಗೆ ಮೂರು, ಅದು ಮುಗಿಯುವ ರೀತಿಗೆ ನಾಲ್ಕು. ತಪ್ಪಿಸಿಕೊಂಡ ಕುರಿಯ ಕಥೆಗೆ ಒಂಬತ್ತು ಬಂದಿತ್ತು. ಕುರುಬ ಉಳಿದ ಕುರಿಗಳನ್ನೆಲ್ಲ ಬಿಟ್ಟು ಒಂದಕ್ಕಾಗಿ ಹೊರಡುತ್ತಾನೆ. ಆಮೇಲೆ ಬರೀ ಗುಡ್ಡ, ಕತ್ತಲೆ, ಮುಳ್ಳು. ಕುರಿ ಎಲ್ಲಿದೆಯೆಂದು ನಮಗೂ ಗೊತ್ತಾಗದಂತೆ ಚಿತ್ರ ಬರೆದವರು ಕೊನೆಯವರೆಗೂ ತಡೆದಿದ್ದರು. ದೊಡ್ಡ ಮೀನು ಮನುಷ್ಯನನ್ನು ನುಂಗುವ ಕಥೆ ಅತ್ಯಂತ ಸಪ್ಪೆ. ಅದಕ್ಕೆ ನಾಲ್ಕು. ಮೀನು ಮೊದಲ ಚಿತ್ರದಲ್ಲೇ ನಗುತ್ತಿದ್ದರೆ ಹೆದರಿಕೆ ಎಲ್ಲಿಂದ ಬರಬೇಕು?

ನರಿಕೊಂಬಿನವಳ ಲೆಕ್ಕ ಪೂರಾ ತಿರುಗುಮುರುಗು. ಮೀನಿನ ಹೊಟ್ಟೆಯೊಳಗೆ ಕತ್ತೆಮರಿ ದೀಪ ಹಿಡಿದು ಕುಳಿತ ಚಿತ್ರ ಅವಳಿಗೆ ಪ್ರಾಣ. ಕುರಿಯ ಕಥೆ ಶುರುವಾದರೆ ಬೆಂಚಿನಿಂದಲೇ ತಗಾದೆ.

"ಸಿಸ್ಟರ್, ಆಡು ಹೀಗೆಲ್ಲ ತಪ್ಪಿ ಹೋಗುವುದುಂಟಾ? ನಮ್ಮ ಮನೆಯಲ್ಲಿ ಆರು ಉಂಟು. ಸಂಜೆ ಆದ್ರೆ ಅವೇ ಬರ್ತವೆ."

"ಅದು ಆಡಲ್ಲ ಮಗಾ, ಕುರಿ."

"ಎರಡೂ ಒಂದೇ ಅಲ್ವಾ?"

ನಮ್ಮ ಕಡೆ ಕುರಿ ಸಾಕುವವರಿಲ್ಲ. ನಾವು ಮೂವರೂ ಜೀವಂತ ಕುರಿಯನ್ನು ನೋಡಿದವರಲ್ಲ.

"ಅವನಿಗೆ ಹುಡುಕ್ಲಿಕ್ಕೆ ಹೋಗುವ ಕೆಲಸವೇ ಇರ್ಲಿಲ್ಲ," ಎಂದು ಅವಳು ನನ್ನ ಕಡೆ ತಿರುಗುತ್ತಿದ್ದಳು. "ನೀನು ಇದಕ್ಕೆ ಒಂಬತ್ತು ಕೊಟ್ಟಿದ್ದೀಯಲ್ಲ ಮಾರಾಯ್ತಿ, ನಿನ್ನನ್ನು ಟೀಚರ್ ಮಾಡಿದ್ರೆ ಶಾಲೆಯೇ ಮುಳುಗ್ತದೆ."

"ನಗುವ ಮೀನಿಗೆ ಹತ್ತು ಕೊಡುವವಳು ನೀನು! ಸುಮ್ಮನೆ ಕೂತ್ಕೋ."

ಒಂದೊಂದು ಚಿತ್ರಕ್ಕೂ ಜಗಳ. ಎಷ್ಟೋ ಸಲ ಊಟದ ಗಂಟೆ ಹೊಡೆದರೂ ಕುರಿ ಸಿಕ್ಕಿರುತ್ತಿರಲಿಲ್ಲ. ವಾರದ ಉಳಿದ ದಿನಗಳಲ್ಲಿ ಅವಳಿಗೆ ಬೇರೆ ಗೆಳತಿಯರಿದ್ದರು. ನನಗಿದ್ದದ್ದು ಶನಿವಾರದ ಈ ಜಗಳ ಮಾತ್ರ.

ಒಂದು ಮಳೆಗಾಲ ಕಳೆದ ಮೇಲೆ ಬಂಟ್ವಾಳಕ್ಕೆ ಮಧ್ಯಾಹ್ನ ನೇರ ಬಸ್ಸು ಶುರುವಾಯಿತು. ಮೊದಲ ಶನಿವಾರವೇ ಅವಳು ಚೀಲ ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದಳು.

"ಇವತ್ತು ಮೀನಿನದ್ದು ಅಂತೆ," ಎಂದೆ. ಸುಳ್ಳು. ಸಿಸ್ಟರ್ ಏನೂ ಹೇಳಿರಲಿಲ್ಲ.

"ಹೌದಾ? ನನ್ನ ಪಾಲಿಂದು ನೀನೇ ನೋಡು," ಎಂದು ನಗುತ್ತ ಓಡಿದಳು.

ಸಂಜೆ ಬೆಂಚಿನ ಮೇಲೆ ನಾನೊಬ್ಬಳೇ. ಯಾವುದು ಬೇಕೆಂದು ಸಿಸ್ಟರ್ ಕೇಳಿದರು. ಕುರಿಯದ್ದು ಎಂದೆ. ಅಡ್ಡ ಮಾತಾಡುವವರಿಲ್ಲದೆ ಕಥೆ ಸರಾಗವಾಗಿ ಸಾಗಿತು. ಗುಡ್ಡ ಬಂತು, ಮುಳ್ಳು ಬಂತು, ಕುರಿ ಸಿಕ್ಕಿಬಿಟ್ಟಿತು. ಇಷ್ಟು ಚಿಕ್ಕ ಕಥೆಯೆಂದು ನನಗೆ ಗೊತ್ತೇ ಇರಲಿಲ್ಲ. ಊಟಕ್ಕೆ ಇನ್ನೂ ಬಹಳ ಹೊತ್ತಿತ್ತು.

ಸಿಸ್ಟರ್ ಬಂದು ನನ್ನ ಪಕ್ಕ ಕುಳಿತರು. ಗೋಡೆಯ ಮೇಲೆ ಕುರಿಯನ್ನು ಹೆಗಲಿಗೆ ಹಾಕಿಕೊಂಡ ಕುರುಬ ಹಾಗೆಯೇ ನಿಂತಿದ್ದ. ಸ್ವಲ್ಪ ಹೊತ್ತಿಗೆ ಅವರು ಮೂಗರಳಿಸಿ, "ಅಯ್ಯೋ, ಬಿಸಿಗೆ ಸುರುಳಿ ಸುಟ್ಟು ಹೋಗ್ತದೆ," ಎಂದು ಏಳಲು ಹೋದರು. ಮಂಡಿ ಹಿಡಿದುಕೊಂಡಿತು.

"ನಾನು ಹೋಗ್ತೇನೆ ಸಿಸ್ಟರ್."

"ಹಾಗಾದ್ರೆ ಇನ್ನೊಂದು ಸುರುಳಿ ಹಾಕು ಮಗಾ. ನಾನು ಇಷ್ಟು ವರ್ಷದಲ್ಲಿ ಕೂತು ನೋಡಿದ್ದೇ ಇಲ್ಲ."

ಮೀನಿನ ಸುರುಳಿ ಹಾಕಿ ಗುಂಡಿ ತಿರುಗಿಸಿದೆ. ಯಂತ್ರದ ಹಿಂದೆ ಬೆಚ್ಚಗಿತ್ತು. ಅಲ್ಲಿಂದ ಚಿತ್ರಕ್ಕಿಂತ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ಖಾಲಿ ಬೆಂಚುಗಳ ಸಾಲು, ಮುಂದಿನ ಬೆಂಚಿನಲ್ಲಿ ಒಂದೇ ಒಂದು ತಲೆ. ಸ್ವಲ್ಪ ಹೊತ್ತಿನ ಹಿಂದೆ ಅವರಿಗೆ ನಾನು ಕಂಡದ್ದೂ ಹೀಗೆಯೇ ಇರಬೇಕು. ನಾನು ಗಂಟಲು ಸರಿಮಾಡಿಕೊಂಡು, ಆದಷ್ಟು ದೊಡ್ಡ ಸ್ವರದಲ್ಲಿ, ಕಥೆ ಹೇಳಲು ಶುರುಮಾಡಿದೆ.