ಸೆಲ್ಯೂಟ್ ಗಿಟ್ಟಿಸಿದ ಜಪಾನಿ ಬೆಟ್ಟ

1990ರಲ್ಲಿ ಕುವೈತಿನ ಮಿರ್ಕಾಬ್‌ನ ನಮ್ಮ ಆಫೀಸಿಗೆ ನುಗ್ಗಿದ ಇರಾಕಿ ಸೈನಿಕರು ಆಕ್ರಮಣದ ಬಳಿಕದ ಕಟ್ಟಪ್ಪಣೆಯಂತೆ ನಾವು ಗೋಡೆಗೆ ಹಾಕಿದ್ದ ತಮ್ಮ ಅಧ್ಯಕ್ಷನ ಫೋಟೊಗೆ ಸೆಲ್ಯೂಟ್ ಹೊಡೆದು, ಟೈಪ್‌ರೈಟರ್, ಏಸಿ ಎಲ್ಲ ಹೊತ್ತೊಯ್ದರು. ಫೋಟೊ ಮಾತ್ರ ಮುಟ್ಟಲಿಲ್ಲ. ಅದರ ಹಿಂದೆ, ಅದೇ ಫ್ರೇಮಿನೊಳಗೆ, ನಮ್ಮ ಜಪಾನಿ ಎಂಜಿನಿಯರ್ ತಾವೇ ಮರದ ಹಲಗೆ ಕೆತ್ತಿ ಅಚ್ಚೊತ್ತಿದ್ದ ಹಿಮದ ಬೆಟ್ಟದ ಚಿತ್ರವನ್ನು ನಾನು ಅಡಗಿಸಿಟ್ಟಿದ್ದೆ.

“ಸಿಕ್ಕಿಬಿದ್ರೆ ಖಲಾಸ್ ಮಾರಾಯ!” ಎಂದು ಸಹೋದ್ಯೋಗಿ ಸದಾನಂದ ಎಚ್ಚರಿಸಿದ್ದ. ನನಗೆ ಹೆದರಿಕೆಯಿರಲಿಲ್ಲ. ಆ ಮುಖವನ್ನು ಗೋಡೆಯಿಂದ ಇಳಿಸುವ ಧೈರ್ಯ ಅವರಲ್ಲಿ ಯಾರಿಗಿತ್ತು?

ಯುದ್ಧ ಮುಗಿದು ಮರಳಿದ ಎಂಜಿನಿಯರ್ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಆ ಹಲಗೆಯಿಂದ ಎಷ್ಟೋ ಪ್ರತಿ ತೆಗೆದಿದ್ದೇನೆ. ಸೆಲ್ಯೂಟ್ ಸಿಕ್ಕಿದ್ದು ಇದೊಂದಕ್ಕೇ. ಇನ್ನು ಇದು ನಿಮ್ಮದು” ಎಂದರು.

ಆ ಮುಖ ಕುವೈತಿನ ಬಿಡುಗಡೆಯ ದಿನವೇ ಕಸದ ಬುಟ್ಟಿ ಸೇರಿತ್ತು. ಬೆಟ್ಟ ಸುರತ್ಕಲ್ಲಿನ ನಮ್ಮ ಚಾವಡಿಯಲ್ಲಿ ಇಂದಿಗೂ ಕದಲದೆ ಕೂತಿದೆ.