ಹೆಸರ ಕೇಳ್ತಿದ್ದ ರೆಹಾನಾ ಸಿಸ್ಟರ್

ಸೂಜಿ ಚುಚ್ಚೂಕಿಂತ ಮೊದ್ಲ, ಕನ್ಯಾ ನೋಡಾಕ ಬಂದವ್ರಂಗ ವಿಚಾರಣಿ ಮಾಡೋ ನರ್ಸ್‌ನ ನೀವೇನರ ನೋಡೀರೇನು? ನಾ ನೋಡೇನಿ. ರೆಹಾನಾ ಸಿಸ್ಟರ್. ಇಳಕಲ್ಲಿನವ್ರು, ದಿನಾ ಬಸ್ಸಿಗೆ ಹುನಗುಂದದ ಒಂದು ಖಾಸಗಿ ದವಾಖಾನಿಗೆ ಬರ್ತಿದ್ರು. ಟ್ರೇ ಹಿಡ್ಕೊಂಡು ಹಾಸಿಗಿ ಕಾಲಕಡಿ ನಿಂತ್ರಂದ್ರ ಶುರು. "ಹೆಸರೇನಬೇ? ಅಪ್ಪನ ಹೆಸರು? ಯಾವೂರು?"

"ಮುಂಜಾನಿ ಕೇಳೀದಿ, ಈಗ ಮತ್ತ ಕೇಳ್ತಿ. ಬೀಗತಾನ ಮಾಡಾಕ ಬಂದೀಯೇನ ಯವ್ವಾ?" ಅಂತ ಒಬ್ಬಾಕಿ ಮುದುಕಿ ಬೈದಿದ್ಲು.

"ಹೂಂ, ಈ ಇಂಜೆಕ್ಷನ್ ಜೋಡಿ ನಿನ್ನ ಲಗ್ನ ಐತಿ. ಹೆಸರ ಹೇಳು."

ನಾ ಏಜೆನ್ಸಿ ನರ್ಸ್ ರೀ. ಎಲ್ಲಿ ಕೈ ಕಡಿಮಿ ಬೀಳ್ತಾವೋ ಅಲ್ಲಿಗೆ ಮೂರು ತಿಂಗಳು ಕಳಸ್ತಾರ. ಒಮ್ಮೆ ಬಾದಾಮಿ, ಒಮ್ಮೆ ಬಾಗಲಕೋಟಿ. ಹತ್ತಿ ಎಲ್ಲಿಟ್ಟಾರ, ಯಾವ ಡಾಕ್ಟರಿಗೆ ಲಗೂನ ಸಿಟ್ಟು ಬರ್ತೈತಿ ಅಂತ ತಿಳಿಯೂದ್ರಾಗ ಚೀಲಾ ಕಟ್ಟೂದು. ವಾರ್ಡ್ ತುಂಬ ಆಪರೇಷನ್ ಆದವ್ರು, ಸಕ್ಕರಿ ಕಾಯಿಲಿಯವ್ರು, ಜ್ವರದವ್ರು. ನಾವು ನರ್ಸ್ ಇಬ್ಬರ. ನಮ್ಮ ಬಾಯಾಗ ಯಾರಿಗೂ ಹೆಸರಿರೂದಿಲ್ಲ. "ಏಳಕ್ಕ ಸಲೈನ್ ಹಚ್ಚು, ಒಂಬತ್ತು ವಾಂತಿ ಮಾಡೇತಿ." ಇಂಥಾದ್ದು ಕಿವಿಗೆ ಬಿದ್ರ ರೆಹಾನಾ ಸಿಸ್ಟರ್ ಅಲ್ಲೇ ನಿಂದ್ರಸೋರು. "ಒಂಬತ್ತು ಹೆಂಗ ವಾಂತಿ ಮಾಡ್ತೈತಿ? ಹಾಸಿಗಿಗೆ ಜಡ್ಡು ಬರೂದಿಲ್ಲವಾ, ಮನಷ್ಯಾರಿಗೆ ಬರ್ತೈತಿ." ನಾ ಒಳಗೊಳಗ ನಗ್ತಿದ್ದೆ. ಈ ಅಕ್ಕಾರಿಗೆ ಟೈಮ್ ಭಾಳ ಐತಿ ಅಂತ.

ಬಾದಾಮಿಯಿಂದ ಹುನಗುಂದಕ್ಕ ಬಂದ ಮೂರನೇ ದಿನ, ಮುಂಜಾನಿ. ನಾಷ್ಟಾಕ್ಕಿಂತ ಮೊದ್ಲು ಎರಡನೇ ಬೆಡ್ಡಿಗೆ ಇನ್ಸುಲಿನ್. ಕೊಟ್ಟೆ. ಅರ್ಧ ತಾಸಿನ್ಯಾಗ ಆ ಹೆಣಮಗಳು ಬೆವತು ನೀರಾದ್ಲು. ಕೈ ನಡುಗಾಕತ್ವು, ಮಾತು ತೊದಲಾಕತ್ತು.

ರೆಹಾನಾ ಸಿಸ್ಟರ್ ಓಡಿ ಬಂದ್ರು. "ಇನ್ಸುಲಿನ್ ಯಾರಿಗೆ ಕೊಟ್ಟಿ?"

"ಎರಡಕ್ಕ ರೀ."

"ಎಲ್ಲಿಂದ ಎರಡು?"

ಬಾದಾಮ್ಯಾಗ ಹಾಸಿಗಿ ಕಿಡಕಿಯಿಂದ ಎಣಸ್ತಿದ್ವಿ. ಇಲ್ಲಿ ಬಾಗಲದಿಂದ. ನಾ ಹಳೇ ರೂಢಿಲೆ ಕಿಡಕಿಯಿಂದನ ಎಣಿಸಿದ್ದೆ. ಗ್ವಾಡಿಗೆ ಬಣ್ಣಾ ಬಳದಾಗ ನಂಬರ್ ಮುಚ್ಚಿ ಹೋಗಿದ್ವು. ನಾ ಸೂಜಿ ಚುಚ್ಚಿದಾಕಿಗೆ ಸಕ್ಕರಿ ಕಾಯಿಲಿನ ಇಲ್ಲ. ಅವತ್ತ ಆಪರೇಷನ್ ಅಂತ ರಾತ್ರಿಯಿಂದ ಹೊಟ್ಟಿಗೆ ಏನೂ ತಗೊಂಡಿರಲಿಲ್ಲ.

ಡಾಕ್ಟರಿಗೆ ಫೋನ್ ಹಚ್ಚಿ, ಅವ್ರು ಹೇಳಿದಂಗ ರೆಹಾನಾ ಸಿಸ್ಟರ್ ನರಕ್ಕ ಗ್ಲೂಕೋಸ್ ಏರಿಸಿದ್ರು. ಆಕಿ ಕಣ್ಣು ತೆರೆದು "ನೀರು" ಅನ್ನೂತನಕಾ ನಾ ಕಂಡ ದೇವರಿಗೆಲ್ಲಾ ಕೈ ಮುಗದೆ. ಆಕಿ ಉಳದ್ಲು. ಆಮ್ಯಾಲ ನನಗ ಬ್ಯಾರೆ ಅಂಜಿಕಿ ಶುರುವಾತು. ಮನ್ಯಾಗ ದುಡಿಯಾಕಿ ನಾ ಒಬ್ಬಾಕಿ.

"ಅಕ್ಕಾರ, ಸಕ್ಕರಿ ತಾನಾ ಇಳೀತು ಅಂತ ಬರೀರಿ. ನಿಮ್ಮ ಕಾಲ ಬೀಳ್ತೇನಿ. ಕೆಲಸ ಹೋಗ್ತೈತ್ರಿ."

"ಹೋಗ್ಲಿ. ಆಕಿ ಹೋಗಿದ್ರ?" ಅಂದು ನನ್ನ ರಟ್ಟಿ ಹಿಡಕೊಂಡು ಆಕಿ ಗಂಡನ ಮುಂದ ಒಯ್ದು ನಿಲ್ಲಿಸಿದ್ರು. "ನೀನ ಹೇಳು."

ಹೇಳಿದೆ. ಆತ ಹೊಡ್ಯಾಕ ಕೈ ಎತ್ತಿದಾಗ ರೆಹಾನಾ ಸಿಸ್ಟರ್ ನಡುವ ಬಂದ್ರು. "ತಪ್ಪಂತೂ ಆಗೇತಿ. ಮುಚ್ಚಿಡಲಾರದ ಬಂದು ಹೇಳ್ಯಾಳ. ಬೈಯ್ರಿ, ಹೊಡೀಬ್ಯಾಡ್ರಿ."

ಅವತ್ತ ನನ್ನ ಮನಿಗೆ ಕಳಿಸಿದ್ರು. ಎರಡು ತಿಂಗಳು ಕೆಲಸಿಲ್ಲ. ರೆಹಾನಾ ಸಿಸ್ಟರಿಗೆ ಬಾಯಿಗೆ ಬಂದಂಗ ಬೈದೇನಿ, ಸುಳ್ಳ್ಯಾಕ ಹೇಳ್ಲಿ?

ಆಮ್ಯಾಲ ಬಾಗಲಕೋಟಿ ವಿದ್ಯಾಗಿರಿ ಕಡೆ ಒಂದು ದವಾಖಾನ್ಯಾಗ ಹಾಕಿದ್ರು. ಹೋದ ವರ್ಷ ಅಲ್ಲೇ ಹನ್ನೊಂದನೇ ಹಾಸಿಗಿಗೆ ಒಬ್ಬಾಕಿ ಬಂದ್ಲು. ಕಣ್ಣು ಅರಿಷಿಣ, ಹೊಟ್ಟಿ ಉಬ್ಬಿ, ಕೈಕಾಲು ಕಡ್ಡಿ. ಚೀಟ್ಯಾಗಿನ ಹೆಸರ ಓದಿ ಅಲ್ಲೇ ನಿಂತುಬಿಟ್ಟೆ. ಲಿವರ್ ಪೂರಾ ಹೋಗಿತ್ತು. ನೋವಿನ ಇಂಜೆಕ್ಷನ್ ತುಂಬ್ಕೊಂಡು ಹೋಗಿ ಹಾಸಿಗಿ ಕಾಲಕಡಿ ನಿಂತೆ.

"ಹೆಸರೇನ್ರಿ?" ಅಂದೆ.

ತುಟಿ ಒಣಗಿದ್ರೂ ನಕ್ರು. "ರೆಹಾನಾ. ಊರು ನಿಮ್ಮಪ್ಪ ಕೇಳ್ತಾನೇನು?"

"ಯಾವೂರ್ರೀ ಅಕ್ಕಾರ?"

"ಇಳಕಲ್." ಇಂಜೆಕ್ಷನ್ ಆದ ಮ್ಯಾಲ ನನ್ನ ಕೈ ಹಿಡಕೊಂಡ್ರು. "ಐದು ನಿಮಿಷ ಕುಂದ್ರತೀಯೇನು?"

ಎಂದೂ ಯಾರಿಗೂ ಏನೂ ಬೇಡಿದವ್ರಲ್ಲ. ಆಕಡೆ ಒಬ್ಬಾತನ ಹೊಲಗಿ ಬಿಚ್ಚಿ ರಕ್ತ ಸೋರಾಕತ್ತಿತ್ತು, ಇನ್ನೊಬ್ಬ ನರ್ಸ್ ನನ್ನ ಕೂಗಾಕತ್ತಿದ್ಲು. "ಬಂದೆ ರೀ ಅಕ್ಕಾರ," ಅಂದೆ.

"ಹೋಗವಾ, ಮಂದಿ ಅದಾರ," ಅಂತ ಅವ್ರ ಕೈ ಬಿಟ್ರು.

ನಾ ತಿರುಗಿ ಬರೂದ್ರಾಗ ಮೂರು ತಾಸಾಗಿತ್ತು. ಹಾಸಿಗಿಗೆ ಹೊಸಾ ಚಾದರ ಹಾಕಿದ್ರು. ನಮ್ಮ ನರ್ಸ್ ಫೋನಿನ್ಯಾಗ, "ಹನ್ನೊಂದು ಖಾಲಿ ಐತ್ರಿ, ಕಳಸ್ರಿ," ಅನ್ನಾಕತ್ತಿದ್ಲು. "ಹನ್ನೊಂದಲ್ಲಲೇ, ರೆಹಾನಾ," ಅಂತ ಒದರಬೇಕಂದೆ. ಅಷ್ಟ್ರಾಗ ಆಕಿ ಫೋನ್ ಇಟ್ಟಾಗಿತ್ತು.

ಹತ್ತು ನಿಮಿಷದಾಗ ಆ ಚಾದರದ ಮ್ಯಾಲ ಒಬ್ಬಾಕಿ ಮುದುಕಿನ್ನ ತಂದು ಮಲಗಿಸಿದ್ರು. ಕಣ್ಣು ಒರಸ್ಕೊಂಡು, ಟ್ರೇ ತಗೊಂಡು ಆಕಿ ಕಾಲಕಡಿ ನಿಂತೆ.

"ಹೆಸರೇನಬೇ? ಅಪ್ಪನ ಹೆಸರು? ಯಾವೂರು?"

"ಶಿರೂರು," ಅಂದ್ಲು ಆ ಮುದುಕಿ. "ನೀ ಯಾಕ ಅಳಾಕತ್ತಿ ಯವ್ವಾ?"