ಗೇರಿನಲ್ಲಿ ನಿಂತಿದ್ದ ಕಾರು

ನಾನು ನಿಂತಿದ್ದದ್ದು ಕಾರಿನ ಎಡ ಹೆಡ್‌ಲೈಟಿನ ಪಕ್ಕ, ಕಾಂಪೌಂಡು ಗೋಡೆಯಿಂದ ಒಂದು ಮೊಳ ದೂರದಲ್ಲಿ. ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ಬೆಳಗಿನ ಹತ್ತು ಗಂಟೆಯ ಹೊತ್ತು. ಜಾಗ ಚೆಂಬೂರಿನಲ್ಲಿ ನನ್ನ ಹೆಂಡತಿಯ ಅಣ್ಣ ಇರುವ ಬಿಲ್ಡಿಂಗಿನ ಹಿಂಭಾಗ. ಕಾರಿನ ಮೂತಿಗೂ ಗೋಡೆಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟು ಎಡೆಯಿತ್ತು. ಅಲ್ಲಿ ಎಲೆಕ್ಟ್ರಿಷಿಯನ್ ನಿಂತಿದ್ದ. ಒಳಗೆ ಯಾರೂ ಕೂತಿರದ, ಕೀಲಿಯನ್ನೂ ಹಾಕಿರದ ಆ ಕಾರು ಮುಂದಕ್ಕೆ ಜಿಗಿದು ಅವನ ಎರಡೂ ಕಾಲುಗಳನ್ನು ಗೋಡೆಗೆ ಒತ್ತಿ ಹಿಡಿಯಿತು. ಆ ಕಾಲುಗಳು ಉಳಿಯುತ್ತವೆಯೇ ಎಂಬ ಪ್ರಶ್ನೆಯ ಮುಂದೆ ಆ ದಿನ ನಾವು ನಿಂತಿದ್ದೆವು. ನೋಡಿದ್ದನ್ನು ನೋಡಿದಷ್ಟೇ ಬರೆಯುತ್ತೇನೆ.

ಕಾರು ಹಳೆಯದು. ಭಾವ ಅದನ್ನು ಸೆಕೆಂಡ್‌ಹ್ಯಾಂಡ್ ಕೊಂಡಾಗಲೇ ಅದರಲ್ಲಿ ಒಂದು ಅಲಾರಾಂ ಇತ್ತು. ಕಂಪನಿಯದಲ್ಲ, ಹಿಂದಿನ ಮಾಲೀಕರು ಯಾವುದೋ ಅಂಗಡಿಯಲ್ಲಿ ಹಾಕಿಸಿದ್ದು. ಅದರ ರಿಮೋಟ್ ಸತ್ತು ಎಷ್ಟು ಕಾಲವಾಗಿತ್ತೋ. ಕಾಗೆ ಬಂದು ಕೂತರೂ ಅದು ಕೂಗುತ್ತಿತ್ತು, ಏನೂ ಆಗದಿದ್ದರೂ ಕೂಗುತ್ತಿತ್ತು. ನೆಲಮಹಡಿಯ ಅಡುಗೆಮನೆಯ ಕಿಟಕಿ ಅದೇ ಕಾಂಪೌಂಡಿಗೆ ತೆರೆಯುತ್ತದೆ. ಅಲ್ಲಿಯ ಅಮ್ಮ, ನಮ್ಮ ಊರಿನ ಕಡೆಯವರೇ, ಭಾವನನ್ನು ಕಂಡಾಗಲೆಲ್ಲ ಹೇಳುತ್ತಿದ್ದರು: "ನಿಮ್ಮ ಕಾರು ಕೂಗಿದರೆ ನನಗೆ ಕುಕ್ಕರಿನ ವಿಸಲ್ ಎಷ್ಟಾಯಿತೂಂತ ಗೊತ್ತಾಗುದಿಲ್ಲ ಮಾರಾಯ್ರೆ. ನಿನ್ನೆಯ ಬೇಳೆ ಗಂಜಿಯಾಗಿ ಹೋಯಿತು."

ಅದನ್ನಾದರೂ ಸಹಿಸಬಹುದಿತ್ತು. ಆಮೇಲೆ ಸಿಗ್ನಲ್ಲಿನಲ್ಲಿ ನಿಂತಾಗ ಎಂಜಿನ್ ತಾನಾಗಿ ಆರಿಹೋಗತೊಡಗಿತು. ಕಳ್ಳ ಓಡಿಸಿಕೊಂಡು ಹೋಗದಿರಲೆಂದು ಆ ಅಲಾರಾಂ ಎಂಜಿನ್ನಿನ ವೈರುಗಳನ್ನು ನಡುವೆ ತುಂಡರಿಸಿ ತನ್ನ ಮೂಲಕ ಹಾಯಿಸಿಕೊಂಡಿರುತ್ತದೆ. ಅದು ಕೆಟ್ಟರೆ ಕಾರಿನ ಮಾಲೀಕನೂ ಅದಕ್ಕೆ ಕಳ್ಳನೇ. ಹಾಗಾಗಿ ಅದನ್ನು ಬುಡಸಮೇತ ತೆಗೆಸುವುದೆಂದು ಭಾವ ನಿರ್ಧರಿಸಿದರು. ನನಗೂ ಬರಲು ಹೇಳಿದರು.

ಎಲೆಕ್ಟ್ರಿಷಿಯನ್ ವಿಜಯಪುರದ ಕಡೆಯವನು. ನಲವತ್ತರ ಆಸುಪಾಸು, ಬಾಯಿ ಸುಮ್ಮನಿರುತ್ತಿರಲಿಲ್ಲ. ಬಂದವನೇ ಬ್ಯಾಟರಿಯ ಒಂದು ಕ್ಲ್ಯಾಂಪು ಕಳಚಿದ. ಬಾನೆಟ್ಟಿನ ಕೆಳಗಿದ್ದ ಸೈರನ್ ಕೂಡಲೇ ಬೊಬ್ಬೆ ಹಾಕಿತು.

"ಇದಕ್ಕ ತನ್ನದ ಒಂದು ಸಣ್ಣ ಬ್ಯಾಟರಿ ಇರತೈತ್ರಿ," ಎಂದ, ಚಿಂದಿಬಟ್ಟೆ ಸುತ್ತಿ ಅದರ ಬಾಯಿ ಮುಚ್ಚುತ್ತ. "ಕುತ್ತಿಗಿ ಕೊಯ್ದರೂ ಒದರತೈತಿ. ನಮ್ಮ ಅತ್ತಿ ಹಂಗ."

ಆಮೇಲೆ ಡ್ಯಾಶ್‌ಬೋರ್ಡಿನ ಕೆಳಗೆ ಮಲಗಿ ವೈರುಗಳನ್ನು ಹೊರಗೆಳೆದ. ಎಲ್ಲವೂ ಕಪ್ಪು. ಒಂದಕ್ಕೂ ಬೇರೆ ಬಣ್ಣವಿಲ್ಲ.

"ಇದೇನು ವೈರಿಂಗ್ ಅಲ್ರಿ, ನಮ್ಮವ್ವನ ಜಡಿ. ಒಂದ ಬಿಳೀ ಕೂದಲಾನೂ ಇಲ್ಲ ನೋಡ್ರಿ."

ಅಲಾರಾಂ ಡಬ್ಬಿ ಹೊರಬಂತು. ತುಂಡಾಗಿದ್ದ ವೈರುಗಳನ್ನು ಜೋಡಿಸಿ ಟೇಪು ಸುತ್ತಿದ. ಉಳಿದದ್ದು ಮುಂದಿದ್ದ ಸೈರನ್ ಬಿಚ್ಚುವುದು, ಬ್ಯಾಟರಿ ಮತ್ತೆ ಕೊಡುವುದು. ಗೋಡೆ ಕಡೆಗೆ ಹೋಗುವ ಮುನ್ನ ಆತ ಕೇಳಿದ. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ.

"ಅಣ್ಣಾರ, ಗಾಡಿ ನ್ಯೂಟ್ರಲ್ ಐತೇನ್ರಿ?"

"ನ್ಯೂಟ್ರಲ್ಲೇ ಉಂಟು," ಎಂದರು ಭಾವ. "ಇಲ್ಲಿ ಎಲ್ಲ ನ್ಯೂಟ್ರಲ್ಲೇ ಅಲ್ವಾ."

ಭಾವ ಸುಳ್ಳು ಹೇಳಲಿಲ್ಲ. ಆ ಬಿಲ್ಡಿಂಗಿನಲ್ಲಿ ಕಾರುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸುತ್ತಾರೆ. ಒಳಗಿನದು ಹೊರಡಬೇಕಾದರೆ ಹಿಂದಿನದನ್ನು ವಾಚ್‌ಮನ್ ಕೈಯಿಂದ ತಳ್ಳುತ್ತಾನೆ. ಅದಕ್ಕಾಗಿ ಎಲ್ಲರೂ ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಬಿಟ್ಟು ಹೋಗಬೇಕು. ಗೇರಿನಲ್ಲಿ ಬಿಟ್ಟುಹೋದವರನ್ನು ಬೆಳಿಗ್ಗೆ ಮೂರು ಮಹಡಿಯವರು ಬೈಯುತ್ತಾರೆ. ಮುಂಬಯಿಯಲ್ಲಿ ಕಾರು ಇಟ್ಟವರಿಗೆ ಈ ಅಭ್ಯಾಸ ಉಸಿರಾಟದಂತೆ. ಆದರೆ ಭಾವ ಇಲ್ಲಿಗೆ ಬರುವ ಮುಂಚೆ ಮಲ್ಪೆಯಿಂದ ಘಾಟಿ ಹತ್ತಿ ಮೀನಿನ ಟೆಂಪೊ ಓಡಿಸುತ್ತಿದ್ದವರು. ಇಳಿಜಾರಿನಲ್ಲಿ ನಿಲ್ಲಿಸಿದರೆ ಅವರ ಕೈ ತಾನಾಗಿ ಗೇರು ಹಾಕುತ್ತದೆ. ಆ ಕಾಂಪೌಂಡಿನ ನೆಲ ಸಮತಟ್ಟು, ಗೋಡೆಯ ಹತ್ತಿರ ಮಾತ್ರ ಮಳೆನೀರು ಹರಿದುಹೋಗಲೆಂದು ಅದರ ಕಡೆಗೆ ಇಳಿಜಾರು. ನೆರಳಿಗಾಗಿ ಆ ಬೆಳಿಗ್ಗೆ ಕಾರನ್ನು ಗೋಡೆಯ ಬಳಿಗೆ ತಂದು ನಿಲ್ಲಿಸಿದಾಗ ಅವರ ಕೈ ಘಾಟಿಯ ಕೆಲಸ ಮಾಡಿತು, ಬಾಯಿ ಬಿಲ್ಡಿಂಗಿನ ಉತ್ತರ ಕೊಟ್ಟಿತು.

ಸೈರನ್ ಬಿಚ್ಚಿ ಗೋಡೆಯ ಮೇಲಿಟ್ಟ ಎಲೆಕ್ಟ್ರಿಷಿಯನ್, ಅಲ್ಲಿಂದಲೇ ಬಗ್ಗಿ ಬ್ಯಾಟರಿಯ ಕ್ಲ್ಯಾಂಪನ್ನು ಕೂರಿಸಿ ಅಂಗೈಯಿಂದ ಒತ್ತಿದ. ಒಂದು ಕಿಡಿ ಕಂಡಿತು. ಅದೇ ಗಳಿಗೆಯಲ್ಲಿ ಸೆಲ್ಫ್ ತಿರುಗಿತು. ಎಂಜಿನ್ನನ್ನು ಮೊದಲು ತಿರುಗಿಸುವ ಮೋಟರಿಗೆ ಗ್ಯಾರೇಜಿನವರು ಸೆಲ್ಫ್ ಎನ್ನುತ್ತಾರೆ. ಗೇರಿನಲ್ಲಿದ್ದರೆ ಆ ಮೋಟರು ಇಡೀ ಕಾರನ್ನು ಎಳೆಯುತ್ತದೆ. ಕಾರು ಎರಡು ಬಾರಿ ಜಿಗಿಯಿತು. ಎರಡನೆಯದಕ್ಕೆ ಬಂಪರು ಅವನನ್ನು ಗೋಡೆಗೆ ತಲುಪಿಸಿತ್ತು. ಆತ ಎಂಜಿನ್ನಿನ ಮೇಲೆ ಬೋರಲಾಗಿ ಬಿದ್ದ. ಸೆಲ್ಫ್ ನಿಲ್ಲಲಿಲ್ಲ. ನರಳುತ್ತ ಒತ್ತುತ್ತಲೇ ಇತ್ತು. ತೆರೆದ ಬಾನೆಟ್ಟಿನ ಆಚೆ ಬಾಗಿಲ ಬಳಿಯಿದ್ದ ಭಾವನಿಗೆ ಏನೂ ಕಾಣುತ್ತಿರಲಿಲ್ಲ. "ಯಾರು ಕೀ ಹಾಕಿದ್ದು?" ಎಂದು ಕೇಳುತ್ತಿದ್ದರು. ಕೀಲಿ ಅವರ ಜೇಬಿನಲ್ಲೇ ಇತ್ತು.

ಕ್ಲ್ಯಾಂಪನ್ನು ಕಿತ್ತದ್ದು ಆತನೇ. ಬೋರಲು ಬಿದ್ದಲ್ಲಿಂದಲೇ ಎರಡೂ ಕೈಯಲ್ಲಿ ಹಿಡಿದು ಎಳೆದ. ಸದ್ದು ನಿಂತಿತು. ಆತ ಕಿರುಚಲಿಲ್ಲ. ಕತ್ತು ನನ್ನ ಕಡೆ ಹೊರಳಿಸಿ, ಸಣ್ಣ ದನಿಯಲ್ಲಿ ಕೇಳಿದ:

"ನನಗ ಕಾಣವಲ್ದರಿ. ಕಾಲು ಅದಾವೇನ್ರಿ? ಬಗ್ಗಿ ನೋಡಿ ಹೇಳ್ರಿ."

ನಾನು ಮಂಡಿಯೂರಿದೆ. ಅದಕ್ಕಿಂತ ಹೆಚ್ಚು ಹೆದರಿಕೊಂಡು ನಾನು ಯಾವುದನ್ನೂ ನೋಡಿಲ್ಲ. ಹಿಂಬದಿಯ ಕಾರಿನ ಚಕ್ರ, ಒಂದು ಬಿದ್ದ ಸ್ಪ್ಯಾನರ್, ಆಮೇಲೆ ಕಾಲುಗಳು; ಕಣ್ಣು ಆ ಕ್ರಮದಲ್ಲಿ ಹೋಯಿತು, ಬೇಕೆಂದೇ ನಿಧಾನವಾಗಿ.

"ಎರಡೂ ಇವೆ," ಎಂದೆ. "ಬಲಗಾಲು ನೆಟ್ಟಗಿದೆ. ಎಡಗಾಲಿನ ಪಾದ ಗೇಟಿನ ಕಡೆ ತಿರುಗಿದೆ."

ಆತ ಕತ್ತನ್ನು ಗೇಟಿನತ್ತ ಹೊರಳಿಸಿದ.

"ಗೇಟಿನ ಕಡೆ?" ಎಂದ. "ನಾ ಗೇಟಿನ ಕಡೆ ಹೊಂಟಿಲ್ಲಲ್ರೀ."

ಅಷ್ಟರಲ್ಲಿ ಮೇಲಿನ ಕಿಟಕಿಗಳು ತೆರೆದಿದ್ದವು. ಒಬ್ಬರು ಕೂಗಿದರು, "ಅರೇ, ನ್ಯೂಟ್ರಲ್ ಮೇ ಡಾಲೋ!" ಇನ್ನೊಬ್ಬರೂ ಅದನ್ನೇ ಕೂಗಿದರು. ಮೂರನೆಯವರೂ. ಆ ಬಿಲ್ಡಿಂಗಿನಲ್ಲಿ ಕಾರಿನ ಯಾವ ತೊಂದರೆಗೂ ನ್ಯೂಟ್ರಲ್ಲಿಗೆ ಹಾಕುವುದೇ ಮದ್ದು. ಭಾವ ಬಾಗಿಲು ತೆಗೆದು ಗೇರಿನತ್ತ ಕೈ ಚಾಚಿದರು.

"ಬೇಡಾ!" ಎಂದು ನೆಲಮಹಡಿಯ ಅಮ್ಮ ಅಡುಗೆಮನೆಯಿಂದ ಕೂಗಿದ ಕೂಗು ನನ್ನ ಕಿವಿಯಲ್ಲಿ ಈಗಲೂ ಇದೆ. ಸೌಟು ಕೈಯಲ್ಲೇ ಇತ್ತು. "ಗೇರು ಮುಟ್ಟಬೇಡಿ! ಇಳಿಜಾರು ಉಂಟು ಮಾರಾಯ್ರೆ, ಗೇರು ತೆಗೆದರೆ ಕಾರು ಪೂರಾ ಅವರ ಮೇಲೆ ಬರ್ತದೆ! ದಿನಾ ನೋಡ್ತೇನಲ್ಲ ನಾನು!"

ಅವರು ಕಾರು ಓಡಿಸಿದವರಲ್ಲ. ಆದರೆ ವಾಚ್‌ಮನ್ ತಳ್ಳುವ ಕಾರುಗಳು ಆ ಗೋಡೆಯ ಹತ್ತಿರ ಬಂದೊಡನೆ ತಾವಾಗಿ ಜಾರುವುದನ್ನು ಪಾತ್ರೆ ತೊಳೆಯುತ್ತ ದಿನವೂ ಕಂಡವರು. ಅವರು ಹೇಳಿದ್ದು ನಿಜ. ಯಾವ ಗೇರು ಆತನನ್ನು ಗೋಡೆಗೆ ತಳ್ಳಿತ್ತೋ, ಈಗ ಕಾರಿನ ಭಾರವನ್ನು ತಡೆದು ನಿಲ್ಲಿಸಿದ್ದೂ ಅದೇ. ಹ್ಯಾಂಡ್‌ಬ್ರೇಕ್ ಬಿಲ್ಡಿಂಗಿನ ಅಭ್ಯಾಸದಂತೆ ಬಿಟ್ಟೇ ಇತ್ತು; ಅದನ್ನು ಎಳೆಯುವುದು ಯಾರಿಗೂ ಹೊಳೆಯಲಿಲ್ಲ.

ಭಾವನ ಕೈ ಗೇರಿನ ಹಿಡಿಯ ಮೇಲೆಯೇ ಇತ್ತು. ಅದನ್ನು ತೆಗೆಯಲೂ ಹೆದರಿದರು, ಇಡಲೂ ಹೆದರಿದರು. "ಭಾವ, ನಾನೆಂತ ಮಾಡ್ಲಿ? ಭಾವ?" ಎಂದು ನನ್ನನ್ನು ಕೇಳಿದರು. ನಾವಿಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುವುದು. "ಕೈ ತೆಗೀರಿ ಭಾವ, ಮೆಲ್ಲಗೆ," ಎಂದೆ.

ವಾಚ್‌ಮನ್ ಗೇಟಿಗೆ ಆನಿಸಿಡುತ್ತಿದ್ದ ಕಲ್ಲನ್ನು ತಂದು ಮುಂದಿನ ಚಕ್ರದ ಮುಂದೆ ಒದ್ದು ಕೂರಿಸಿದ. ಹಿಂದೆ ನಿಂತಿದ್ದ ಕಾರನ್ನು ಒಬ್ಬನೇ ದೂರ ತಳ್ಳಿದ. ಮಹಡಿಯಿಂದ ನಾಲ್ಕೈದು ಜನ ಬನಿಯನ್ನಿನಲ್ಲೇ ಇಳಿದು ಬಂದರು. ಎರಡೂ ಬದಿಯಲ್ಲಿ ಬಾಗಿಲ ಕಂಬಗಳಿಗೆ ಭುಜ ಕೊಟ್ಟು ನಿಂತೆವು. ಅಮ್ಮ ಕಿಟಕಿಯಿಂದ, "ಹಿಡ್ಕೊಂಡ್ರಾ? ಎಲ್ಲರೂ ಹಿಡ್ಕೊಂಡ್ರಾ?" ಎಂದು ಕೇಳಿ, "ಹಾಂ, ಈಗ ಗೇರು," ಎಂದರು. ಭಾವ ಗೇರು ತೆಗೆದರು. ಭಾರ ನಮ್ಮ ಭುಜಕ್ಕೆ ಬಂತು. ಕಾರು ಒಂದು ಕೂದಲೆಳೆಯಷ್ಟು ಮುಂದಕ್ಕೆ ಹೋಗಿ ಕಲ್ಲಿಗೆ ತಾಗಿದ್ದು ನನಗೆ ಗೊತ್ತಾಯಿತು. ಅಷ್ಟಕ್ಕೇ ಆತ ಮೊದಲ ಬಾರಿ ಕಿರುಚಿದ. ಆಮೇಲೆ ನಾವು ತಳ್ಳಿದಂತೆ ಕಾರು ಹಿಂದಕ್ಕೆ ಸರಿಯಿತು.

ರಿಕ್ಷಾದಲ್ಲಿ ಸಯನ್ ಆಸ್ಪತ್ರೆಗೆ ಹೋಗುವಾಗ ಆತನ ಕಾಲು ನನ್ನ ತೊಡೆಯ ಮೇಲಿತ್ತು. "ಬೆರಳು ಆಡ್ಯಾವೇನ್ರಿ?" ಎಂದು ಪ್ರತಿ ಗುಂಡಿ ದಾಟಿದಾಗಲೂ ಕೇಳುತ್ತಿದ್ದ. ಆಡುತ್ತಿರಲಿಲ್ಲ. "ಕೂತು ಮಾಡೂ ಕೆಲಸ ನಮ್ಮದು. ಕುಕ್ಕುರುಗಾಲಿಲೆ ಕೂಡಾಕ ಬರದಿದ್ರ ಮುಗೀತ್ರಿ," ಎಂದ. ಮತ್ತೆ ಮಾತಾಡಲಿಲ್ಲ. ಆತ ಸುಮ್ಮನಾದದ್ದು ನನ್ನನ್ನು ಇನ್ನಷ್ಟು ಹೆದರಿಸಿತು.

ಕಾಲು ಉಳಿಯಿತು. ಮೊಣಕಾಲಿನ ಕೆಳಗೆ ರಾಡ್ ಹಾಕಿದರು. ಕಾರು ಬ್ಯಾಟರಿ ಇಲ್ಲದೆ ಅದೇ ಗೋಡೆಯ ಬಳಿ ಧೂಳು ತಿನ್ನುತ್ತ ನಿಂತಿತು. ಗುಜರಿಗೆ ಹಾಕುತ್ತೇನೆಂದು ಭಾವ ಹೇಳುತ್ತಿದ್ದರು. ಅದರ ಹತ್ತಿರ ಹೋಗಲು ಮಾತ್ರ ಒಪ್ಪುತ್ತಿರಲಿಲ್ಲ. ಮುಂದಿನ ಬೇಸಗೆಯಲ್ಲಿ ಎಲೆಕ್ಟ್ರಿಷಿಯನ್ ತಾನೇ ಫೋನು ಮಾಡಿದ. "ನನ್ನ ಕೆಲಸ ಅರ್ಧಾ ಉಳದೈತ್ರಿ. ಬೇರೆ ಯಾರೂ ಕೈ ಹಾಕೂದು ಬ್ಯಾಡ, ಅದರಾಗ ನಾ ಕಟ್ಟಿದ ಗಂಟು ಐತಿ."

ಕುಂಟುತ್ತ ಬಂದ. ಯಾರನ್ನೂ ಏನೂ ಕೇಳಲಿಲ್ಲ. ತಾನೇ ಗೇರಿನ ಹಿಡಿಯನ್ನು ಅತ್ತಿತ್ತ ಆಡಿಸಿ ನೋಡಿದ, ತಾನೇ ಚಕ್ರಕ್ಕೆ ಕಲ್ಲು ಕೊಟ್ಟ. ಒಂದು ಕಾಲನ್ನು ಉದ್ದಕ್ಕೆ ಚಾಚಿ ಬಾಗಿಲ ಬಳಿ ನೆಲದಲ್ಲಿ ಕೂತ. ಒಂದು ಹಳೆಯ ಟೇಪನ್ನು ಬಿಚ್ಚಿ ನಮಗೆ ತೋರಿಸಿದ. ಸೆಲ್ಫಿಗೆ ಹೋಗುವ ವೈರಿಗೆ, ಸದಾ ಕರೆಂಟಿರುವ ವೈರು ಜೋಡಣೆಯಾಗಿತ್ತು. ಎರಡೂ ಕಪ್ಪು. "ಟೆಸ್ಟ್ ಲ್ಯಾಂಪ್ ಹಿಡದು ನೋಡಬೇಕಾಗಿತ್ತರಿ. ಅವತ್ತ ಕೈಯಂದಾಜಿಲೆ ಕಟ್ಟಿದ್ದೆ," ಎಂದ. ಈ ಸಲ ಒಂದೊಂದು ವೈರಿಗೂ ದೀಪ ಮುಟ್ಟಿಸಿ, ಬಣ್ಣದ ಟೇಪು ಸುತ್ತಿ, ಮಧ್ಯಾಹ್ನದವರೆಗೆ ಕೆಲಸ ಮಾಡಿದ.

ಬ್ಯಾಟರಿ ಕೊಡುವ ಹೊತ್ತು ಬಂದಾಗ ಬದಿಯಲ್ಲಿ ನಿಂತ. ನಾನು ಕಿಟಕಿಯ ಬಳಿಗೆ ಹಿಂದೆ ಸರಿದೆ. ಆತ ಕ್ಲ್ಯಾಂಪನ್ನು ಎತ್ತಿ, ತಾಗಿಸದೆ, ಮತ್ತೆ ಕೆಳಗಿಟ್ಟ. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ ಕೂರಿಸಿದ. ಏನೂ ಆಗಲಿಲ್ಲ. ಏನೂ ಆಗದಿರುವುದನ್ನು ನಾವು ಬಹಳ ಹೊತ್ತು ನಿಂತು ನೋಡಿದೆವು. ಭಾವ ಕೀಲಿ ತಿರುಗಿಸಿದರು, ಎಂಜಿನ್ ಹತ್ತಿತು, ಆರಲಿಲ್ಲ.

ನಿಂತ ಎರಡು ವಾಹನಗಳ ನಡುವೆ ನಾನು ಈಗಲೂ ದಾಟುವುದಿಲ್ಲ. ಈ ಊರಿನಲ್ಲಿ ಅದು ದೊಡ್ಡ ತೊಂದರೆ. ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಬೇರೆ ದಾರಿಯೇ ಇರುವುದಿಲ್ಲ. ಸುತ್ತು ಹಾಕಿಯೇ ಹೋಗುತ್ತೇನೆ.

ಅಂದು ಕಂಡವರಲ್ಲಿ ವಾಚ್‌ಮನ್ ತೀರಿಕೊಂಡ. ಊರಿಗೆ ಹೋದವನು ಜ್ವರದಲ್ಲಿ ಹೋದನೆಂದು ಸುದ್ದಿ ಬಂತು. ನೆಲಮಹಡಿಯ ಅಮ್ಮ ಇದ್ದಾರೆ, ಈಗ ಭಾಂಡುಪಿನಲ್ಲಿ ಮಗಳ ಮನೆಯಲ್ಲಿ. ಭಾವ ಇದ್ದಾರೆ, ಕೇಳಿದರೆ ಎದ್ದು ಹೊರಗೆ ಹೋಗುತ್ತಾರೆ. ಬನಿಯನ್ನಿನಲ್ಲಿ ಇಳಿದು ಬಂದವರಲ್ಲಿ ಇಬ್ಬರು ಅದೇ ಬಿಲ್ಡಿಂಗಿನಲ್ಲಿದ್ದಾರೆ. ಎಲೆಕ್ಟ್ರಿಷಿಯನ್ ಇದ್ದಾನೆ, ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಾನೆ.